ಹಳೇ ಪದ ಬರೆದರೆ ಸೊನ್ನೆಯೇ?

ಮಾನ್ಯರೇ,

ನಮ್ಮೂರಿನ ಕಾಲೇಜಿನಲ್ಲಿ ‘ಎಐ ಬರಹ’ ಎಂದು ಅಸೈನ್‌ಮೆಂಟ್‌ಗಳಿಗೆ ಸೊನ್ನೆ ಹಾಕಿದ ಸುದ್ದಿ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ಆ ಮಕ್ಕಳಲ್ಲಿ ನನ್ನ ಮಗಳೂ ಒಬ್ಬಳು. ‘ಪರಿಶೀಲನೆ ನಡೆದಿದೆ’ ಎಂದಿದ್ದಾರಂತೆ ಕಾಲೇಜಿನವರು. ಶುದ್ಧ ಸುಳ್ಳು.

ಅವಳು ಬರೆದದ್ದು ಕೈಯಲ್ಲಿ, ಲಾಂಗ್ ಶೀಟಿನ ಮೇಲೆ. ಒತ್ತಿ ಬರೆಯುವ ಅಭ್ಯಾಸ, ಹಾಳೆಯ ಹಿಂದೆಲ್ಲ ಅಕ್ಷರ ಉಬ್ಬಿದೆ. ಮೇಷ್ಟ್ರು ‘ಡೆಲ್ವ್’ (delve) ಎಂಬ ಇಂಗ್ಲಿಷ್ ಪದವೇ ಎಐ ಬರಹದ ಗುರುತೆಂದು, ಅದು ಕಂಡಲ್ಲೆಲ್ಲ ಕೆಂಪು ಇಂಕಿನಲ್ಲಿ ಸುತ್ತು ಹಾಕಿದ್ದಾರೆ. ಮೊದಲ ಸುತ್ತು ಬಿದ್ದಿರುವುದು 1381ರ ಇಂಗ್ಲೆಂಡಿನ ರೈತದಂಗೆಯ ಪಾದ್ರಿ ಜಾನ್ ಬಾಲ್ ಆಡಿದನೆನ್ನುವ ಮಾತಿಗೆ! ‘ಆಡಮ್ ನೆಲ ಅಗೆದು, ಈವ್ ನೂಲು ತೆಗೆಯುತ್ತಿದ್ದಾಗ ಧಣಿ ಅಂತ ಯಾರಿದ್ದ?’ ಎಂಬ ಆ ಮಾತಿನಲ್ಲಿ ಅಗೆಯುವುದಕ್ಕೆ ಇರುವ ಪದವೇ ಇದು. ಅದನ್ನೂ ಕಂಪ್ಯೂಟರೇ ಬರೆಯಿತೇ?

ಹಳೇ ಇಂಗ್ಲಿಷಿನ ‘ಡೆಲ್ಫಾನ್’ ಇದರ ಮೂಲ. ಗುದ್ದಲಿ ಹಿಡಿದು ಅಗೆಯುವುದು, ಅಷ್ಟೇ ಅರ್ಥ. ಡಚ್ಚರ ಡೆಲ್ಫ್ಟ್ ಊರಿಗೆ ಆ ಹೆಸರು ಬಂದದ್ದು ಅಲ್ಲಿ ತೋಡಿದ ಕಾಲುವೆಯಿಂದ. ಉತ್ತರ ಇಂಗ್ಲೆಂಡಿನಲ್ಲಿ ಕಲ್ಲುಕ್ವಾರಿಯನ್ನು ‘ಡೆಲ್ಫ್’ ಅನ್ನುತ್ತಾರೆ. ಮುಂದೆ ಮಣ್ಣಿನ ಕೆಲಸವನ್ನು ‘ಡಿಗ್’ ಕಿತ್ತುಕೊಂಡಿತು, ಇದಕ್ಕೆ ಪುಸ್ತಕ, ದಾಖಲೆ ಕೆದಕುವ ಅರ್ಥ ಉಳಿಯಿತು. 2022ರ ಕೊನೆಗೆ ಚಾಟ್‌ಜಿಪಿಟಿ ಎಂಬ ಬರೆದುಕೊಡುವ ಎಐ ಬಂದ ಮೇಲೆ ವೈದ್ಯಕೀಯ ಪ್ರಬಂಧಗಳಲ್ಲಿ ಈ ಪದ ವಿಪರೀತ ಹೆಚ್ಚಿದ್ದು ನಿಜ. ಹಾಗಂತ ಬರೆದವರೆಲ್ಲ ಕಳ್ಳರೇ? ನಮ್ಮ ಮಕ್ಕಳು ಇಂಗ್ಲಿಷ್ ಕಲಿಯುವುದೇ ಹಳೇ ಪಠ್ಯದಿಂದ. ಅದರಲ್ಲಿರುವ ಪದವನ್ನೇ ಬರೆಯುತ್ತಾರೆ.

ಕೇಳೋಣವೆಂದು ರಜೆ ಹಾಕಿ ಮಳೆಯಲ್ಲಿ ನೆನೆದುಕೊಂಡು ಹೋದೆ. ಪ್ರಿನ್ಸಿಪಾಲರು ಮೀಟಿಂಗ್‌ನಲ್ಲಿ, ಮೇಷ್ಟ್ರು ಎಲೆಕ್ಷನ್ ಡ್ಯೂಟಿಯಲ್ಲಿ. ಗುಮಾಸ್ತರು ಅರ್ಜಿ ಜೆರಾಕ್ಸ್ ಮಾಡಿಸಿ ತನ್ನಿ ಅಂದರು. ತಂದಾಗ ಊಟದ ಹೊತ್ತು, ಬಾಗಿಲು ಹಾಕಿತ್ತು. ಆಮೇಲೆ ‘ಇದು ಯೂನಿವರ್ಸಿಟಿ ವಿಷಯ’ ಎಂದು ಕೈತೊಳೆದುಕೊಂಡರು. ಯೂನಿವರ್ಸಿಟಿಯ ಕಥೆ ಗೊತ್ತಿಲ್ಲವೇ? ದೊಡ್ಡ ಮಗನ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರೇ ತಪ್ಪು ಅಚ್ಚಾಗಿತ್ತು, ತಿದ್ದಿಸಲು ನಮ್ಮಿಂದಲೇ ದುಡ್ಡು ಕಟ್ಟಿಸಿಕೊಂಡರು. ಮರುಮೌಲ್ಯಮಾಪನಕ್ಕೆ ಕಟ್ಟಿದ ಶುಲ್ಕಕ್ಕೆ ಇವತ್ತಿಗೂ ರಶೀದಿಯಿಲ್ಲ. ಸ್ಕಾಲರ್‌ಶಿಪ್ ಎಲ್ಲಿಗೆ ಬಂತೆಂದು ಕೇಳಿದರೆ ಪೋರ್ಟಲ್ ನೋಡಿ ಅನ್ನುತ್ತಾರೆ, ಪೋರ್ಟಲ್ ತೆರೆಯುವುದೇ ಇಲ್ಲ.

ಕುಲಸಚಿವರೋ, ಇಲಾಖೆಯವರೋ, ಯಾರಾದರೂ ಇತ್ತ ನೋಡಲಿ. ಮಕ್ಕಳನ್ನು ಎದುರು ಕೂರಿಸಿ ನಾಲ್ಕು ಪ್ರಶ್ನೆ ಕೇಳಲಿ, ಆ ಸೊನ್ನೆ ಅಳಿಸಲಿ. ಕಾಲೇಜಿಗೊಂದು ಒಳ್ಳೆಯ ನಿಘಂಟನ್ನೂ ಕೊಡಿಸಲಿ. ಓದದೆ ಅಂಕ ಹಾಕುವವರಿಗೆ ಮಕ್ಕಳನ್ನು ಕಳ್ಳರೆನ್ನುವ ಹಕ್ಕು ಕೊಟ್ಟವರು ಯಾರು?

– ಒಬ್ಬ ತಾಯಿ, ಶಿವಮೊಗ್ಗ