ಫ್ಲಾಪ್ ಸತ್ತುಹೋದರೆ ಎಂದು ಕೇಳಿದ್ದೀಯಲ್ಲ

ಪ್ರೀತಿಯ ಮಗಳೇ,

ಅತ್ತೆಯ ಆಶೀರ್ವಾದ. ಅಪ್ಪನ ಬಾಯಿ ಕ್ಯಾನ್ಸರಿನ ಬಯಾಪ್ಸಿ, ಸ್ಕ್ಯಾನ್, ಡಾಕ್ಟರು ಹೇಳಿದ್ದು, ಇದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಮನೆಮಂದಿಗೆಲ್ಲ ಬಾಯಿಪಾಠ ಆಗಿದೆ. ನಿನ್ನ ಪತ್ರದ ಒಂದು ಸಾಲು ಮಾತ್ರ ನನ್ನನ್ನು ಕೂರಗೊಡುತ್ತಿಲ್ಲ. "ಕಾಲಿನ ಮೂಳೆ ತೆಗೆದು ದವಡೆಗೆ ಇಡುತ್ತಾರಂತೆ, ಅದು ಅಲ್ಲೇ ಸತ್ತುಹೋದರೆ ಅಪ್ಪನ ಗತಿ ಏನು?" ಎಂದಿದ್ದೀಯ. ಅವನು ನಿನಗೆ ಅಪ್ಪ, ನನಗೆ ತಮ್ಮ. ಸರ್ಜಿಕಲ್ ಐಸಿಯುವಿನಲ್ಲಿ ಇಂಥ ಪ್ರಶ್ನೆಗೆ ಎಷ್ಟೋ ಮನೆಯವರಿಗೆ ಉತ್ತರ ಕೊಟ್ಟವಳಿಗೂ ನಿನ್ನ ಅಕ್ಷರದಲ್ಲಿ ಓದಿದಾಗ ಎದೆ ಹಿಡಿದಂತಾಯಿತು.

ಮೊದಲು ನೇರ ಉತ್ತರ. ಹೀಗೆ ರಕ್ತನಾಳದ ಸಮೇತ ತೆಗೆದು ಬೇರೆ ಕಡೆ ಕೂಡಿಸುವ ಮೂಳೆ, ಚರ್ಮದ ತುಂಡಿಗೇ ಫ್ಲಾಪ್ ಎನ್ನುತ್ತಾರೆ. ಈ ಕೆಲಸವನ್ನು ದಿನನಿತ್ಯ ಮಾಡುವ ತಂಡಗಳಲ್ಲಿ ನೂರರಲ್ಲಿ 95ಕ್ಕೂ ಹೆಚ್ಚು ಫ್ಲಾಪ್‌ಗಳು ಉಳಿಯುತ್ತವೆ. ಉಳಿಯದಿದ್ದರೆ ಅದನ್ನು ತೆಗೆದು, ಎದೆಯ ಸ್ನಾಯುವನ್ನು ಚರ್ಮದ ಸಮೇತ ಕುತ್ತಿಗೆಯ ಮೂಲಕ ಮೇಲೆ ತಂದು ಬಾಯಿ ಮುಚ್ಚುತ್ತಾರೆ. 1979ರಲ್ಲಿ ಅಮೆರಿಕದ ಸರ್ಜನ್ ಸ್ಟೀಫನ್ ಏರಿಯನ್ ವಿವರಿಸಿದ ಆ ವಿಧಾನ ಇವತ್ತಿಗೂ ನಮ್ಮ ಆಸ್ಪತ್ರೆಗಳ ಆಸರೆ. ಕಾಲಿನ ಫಿಬ್ಯುಲಾ ಮೂಳೆಯಿಂದ ದವಡೆ ಕಟ್ಟುವುದು ಬಂದದ್ದು 1989ರಲ್ಲಿ, ಹಿಡಾಲ್ಗೊ ಅವರಿಂದ. ಅದಕ್ಕೂ ಮುಂಚೆ ದವಡೆ ಕಳೆದುಕೊಂಡ ಎಷ್ಟೋ ಜನ ಮೂಳೆ ಇಲ್ಲದೆಯೇ ಬದುಕಿದರು. ಮುಖ ಒಂದು ಕಡೆ ವಾಲುತ್ತಿತ್ತು, ಜೊಲ್ಲು ನಿಲ್ಲುತ್ತಿರಲಿಲ್ಲ, ಆದರೂ ಬದುಕಿದರು. ಫ್ಲಾಪ್ ಹೋದರೆ ನಷ್ಟ ದೊಡ್ಡದೇ, ಇನ್ನೊಂದು ಆಪರೇಷನ್, ಇನ್ನಷ್ಟು ವಾರಗಳು. ಅಪ್ಪ ಹೋದ ಎಂದು ಅರ್ಥವಲ್ಲ.

ಫ್ಲಾಪ್ ಸಾಯುವುದು ಹೇಗೆ ಎಂದು ಗೊತ್ತಾದರೆ ಭಯಕ್ಕೊಂದು ಮಿತಿ ಬರುತ್ತದೆ. ಮೂಳೆಯ ಜೊತೆ ಬರುವ ರಕ್ತನಾಳದ ಅಗಲ ಎರಡು ಮೂರು ಮಿಲಿಮೀಟರ್. ಅದನ್ನು ಕುತ್ತಿಗೆಯ ನಾಳಕ್ಕೆ ಮೈಕ್ರೋಸ್ಕೋಪಿನಡಿ ಕೂದಲಿಗಿಂತ ತೆಳುವಾದ ದಾರದಲ್ಲಿ ಹೊಲಿಯುತ್ತಾರೆ. ಆ ಜೋಡಣೆಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಅಪಾಯ. ಒಳಗೆ ರಕ್ತ ತರುವ ಅಪಧಮನಿಗಿಂತ ಹೊರಗೆ ಒಯ್ಯುವ ಅಭಿಧಮನಿ ಕಟ್ಟುವುದೇ ಹೆಚ್ಚು, ಅದೂ ಬಹುಪಾಲು ಮೊದಲ 48ರಿಂದ 72 ಗಂಟೆಯೊಳಗೆ. ಅದಕ್ಕೇ ರಾತ್ರಿ ಎರಡಕ್ಕೂ ನರ್ಸ್ ಬಂದು ಬಾಯೊಳಗೆ ಟಾರ್ಚ್ ಬಿಡುತ್ತಾರೆ. ಫ್ಲಾಪಿನ ಚರ್ಮವನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಮೂರು ಸೆಕೆಂಡಿನಲ್ಲಿ ಬಣ್ಣ ಮರಳಬೇಕು. ಬಿಳಿಚಿ ತಣ್ಣಗಾದರೆ ಒಳಗೆ ರಕ್ತ ಬರುತ್ತಿಲ್ಲ. ನೀಲಿಗಟ್ಟಿ ಊದಿಕೊಂಡು, ಒತ್ತಿದ ತಕ್ಷಣ ಬಣ್ಣ ಮರಳಿದರೆ, ಸೂಜಿ ಚುಚ್ಚಿದಾಗ ಕಪ್ಪು ರಕ್ತ ಬಂದರೆ, ಹೊರದಾರಿ ಕಟ್ಟಿದೆ. ಆಗ ಬೆಳಗಾಗಲಿ ಎಂದು ಕಾಯುವಂತಿಲ್ಲ, ಮತ್ತೆ ಥಿಯೇಟರಿಗೆ ಒಯ್ಯಬೇಕು. ಹೀಗೆ ಕೆಲವು ಗಂಟೆಯೊಳಗೆ ಹೆಪ್ಪು ತೆಗೆದರೆ ಅರ್ಧಕ್ಕಿಂತ ಹೆಚ್ಚು ಉಳಿಯುತ್ತವೆ. ಅಪ್ಪನನ್ನು ವಾಪಸ್ ಒಯ್ದರು ಎಂದು ಯಾರಾದರೂ ಫೋನ್ ಮಾಡಿದರೆ ಅದನ್ನು ಸೋಲು ಎಂದುಕೊಳ್ಳಬೇಡ, ಯಾರೋ ಎಚ್ಚರವಾಗಿದ್ದರು ಎಂದುಕೋ.

ಆ ಮೂರು ದಿನ ನೀನು ಮಾಡುವುದು ಕಡಿಮೆ. ತಲೆ ನೇರವಾಗಿರಲಿ, ನಿನ್ನನ್ನು ನೋಡಲು ಅವನು ಕತ್ತು ತಿರುಗಿಸುವಂತೆ ಪಕ್ಕದಲ್ಲಿ ಕೂರಬೇಡ, ಎದುರಿಗೆ ನಿಲ್ಲು. ಉಸಿರಾಟಕ್ಕೆ ಹಾಕಿದ ಗಂಟಲಿನ ನಳಿಕೆಯ ಪಟ್ಟಿ ಕುತ್ತಿಗೆಗೆ ಬಿಗಿದಿದ್ದರೆ ಕೇಳು. ಆ ಪಟ್ಟಿಯೇ ಅಭಿಧಮನಿಯನ್ನು ಅದುಮಬಲ್ಲದು. ಎಷ್ಟೋ ಕಡೆ ಅದಕ್ಕೇ ಪಟ್ಟಿ ಕಟ್ಟದೆ ನಳಿಕೆಯನ್ನು ಚರ್ಮಕ್ಕೆ ಹೊಲಿಯುತ್ತಾರೆ. ಇಷ್ಟೇ. ನಿನಗೆ ಇದು ತೀರ ಅಲ್ಪ ಅನ್ನಿಸಬಹುದು.

ವಯಸ್ಸು 68 ಎಂದು ಬರೆದು ಕೆಳಗೆ ಗೆರೆ ಎಳೆದಿದ್ದೀಯ. ಹಿಂದೆ ನಮ್ಮ ವಾರ್ಡುಗಳಲ್ಲಿ ವಯಸ್ಸನ್ನೇ ನೋಡಿ ಎಷ್ಟೋ ಜನರನ್ನು ಬರೀ ಔಷಧಿ ಕೊಟ್ಟು ಕಳಿಸುತ್ತಿದ್ದ ಕಾಲವಿತ್ತು. ಅವರಲ್ಲಿ ಗಟ್ಟಿಮುಟ್ಟಾದವರು ಎಷ್ಟೋ ಇದ್ದರು, ಈಗಲೂ ಅದು ನೆನಪಾದರೆ ಹೊಟ್ಟೆಯಲ್ಲಿ ಸಂಕಟ. ಫ್ಲಾಪ್ ಹಿಡಿಯಲು ವಯಸ್ಸು ಅಷ್ಟಾಗಿ ಅಡ್ಡಿಯಲ್ಲ. ವಯಸ್ಸಿನ ಜೊತೆ ಬರುವ ಹೃದಯ, ಶ್ವಾಸಕೋಶ, ಮೂತ್ರಪಿಂಡದ ಕಾಯಿಲೆಗಳು ಅಡ್ಡಿ. ಕುತ್ತಿಗೆಗೆ ಮೊದಲೇ ರೇಡಿಯೇಷನ್ ಬಿದ್ದವರಿಗೆ, ಅಲ್ಲಿ ಹಿಂದೆ ಆಪರೇಷನ್ ಆದವರಿಗೆ ಕಷ್ಟ ಜಾಸ್ತಿ, ಏಕೆಂದರೆ ನಾಳಗಳು ಗಟ್ಟಿಯಾಗಿ ಹೊಲಿಗೆಗೆ ಒಗ್ಗುವುದಿಲ್ಲ, ಗಾಯ ಕೂಡುವುದಿಲ್ಲ. ತಮ್ಮನಿಗೆ ಅದು ಎರಡೂ ಇಲ್ಲ. ಕಾಲಿನ ರಕ್ತನಾಳಗಳನ್ನು ನೋಡುವ ಸಿಟಿ ಆಂಜಿಯೋ ಸ್ಕ್ಯಾನ್ ಮಾತ್ರ ತಪ್ಪಿಸಬೇಡ. ಕೆಲವರಲ್ಲಿ ಪಾದಕ್ಕೆ ರಕ್ತ ಹೋಗುವುದೇ ಮುಖ್ಯವಾಗಿ ಫಿಬ್ಯುಲಾದ ಪಕ್ಕದ ನಾಳದಿಂದ. ಅದನ್ನು ತೆಗೆದರೆ ಪಾದಕ್ಕೇ ಸಂಚಕಾರ. ಸಕ್ಕರೆ ಕಾಯಿಲೆ, ಹೊಗೆಸೊಪ್ಪು ಎರಡೂ ಇದ್ದವರಿಗೆ ಈ ಪರೀಕ್ಷೆ ಇನ್ನೂ ಮುಖ್ಯ. ನಡೆದಾಗ ಮೀನಖಂಡ ನೋಯುತ್ತದೆ ಎಂದು ಅವನು ಎಂದಾದರೂ ಅಂದಿದ್ದರೆ ಡಾಕ್ಟರಿಗೆ ಹೇಳು.

ಮತ್ತೆ ನಿನ್ನ ಸಾಲಿಗೇ ಬರುತ್ತೇನೆ. ಫ್ಲಾಪಿನ ಸಾವಿಗೆ ನೀನು ಇಷ್ಟು ಹೆದರಿದ್ದೀಯ, ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಸಲ ಆಗುವ ತೊಂದರೆಗಳಿಗೆ ಪತ್ರದಲ್ಲಿ ಜಾಗವೇ ಇಲ್ಲ. ಗಾಯ ಕೀವಾಗುವುದು, ಹೊಲಿಗೆ ಬಿಡುವುದು, ನ್ಯುಮೋನಿಯಾ. ಬಾಯೊಳಗಿನ ಹೊಲಿಗೆ ಸ್ವಲ್ಪ ಸಡಿಲವಾದರೂ ಜೊಲ್ಲು ಕುತ್ತಿಗೆಗೆ ಇಳಿಯುತ್ತದೆ, ಸಾಮಾನ್ಯವಾಗಿ ಐದರಿಂದ ಹತ್ತನೇ ದಿನದೊಳಗೆ. ದವಡೆಯ ಕೆಳಗೆ ಕೆಂಪು, ಗಾಯದ ನೀರು ಹೊರಬಿಡುವ ಡ್ರೈನ್ ನಳಿಕೆಯಲ್ಲಿ ಕದಡಿದ ವಾಸನೆಯ ನೀರು, ಜ್ವರ. ರಕ್ತನಾಳದ ಜೋಡಣೆ ಇರುವುದೂ ಅಲ್ಲೇ. ಮೂರು ದಿನ ಚೆನ್ನಾಗಿದ್ದ ಫ್ಲಾಪ್ ತಡವಾಗಿ ಹೋಗುವುದು ಹೆಚ್ಚಾಗಿ ಈ ಸೋಂಕಿನಿಂದ. ಇದರ ಅಪಾಯ ಹೆಚ್ಚಿಸುವ ಸಂಗತಿಗಳಲ್ಲಿ ಕೆಲವು ಈಗಲೇ ನಿಮ್ಮ ಮನೆಯಲ್ಲಿವೆ.

ಎಲ್ಲಕ್ಕಿಂತ ನನಗೆ ಚಿಂತೆ ತೂಕದ್ದು. ಮೂರು ತಿಂಗಳಲ್ಲಿ 64 ಕೆಜಿಯಿಂದ 56ಕ್ಕೆ ಇಳಿದಿದ್ದಾನೆ. ಆರು ತಿಂಗಳಲ್ಲಿ ನೂರಕ್ಕೆ ಹತ್ತು ಭಾಗ ಇಳಿದರೇ ಅಪಾಯ ಎನ್ನುತ್ತಾರೆ, ಇವನದು ಅದನ್ನು ದಾಟಿದೆ. ರಕ್ತದ ಪ್ರೋಟೀನ್ ಆದ ಆಲ್ಬುಮಿನ್ 3.5ಕ್ಕಿಂತ ಕಡಿಮೆ ಎಂದು ಬರೆದಿದ್ದೀಯ; ಅದು ಉರಿಯೂತ ಇದ್ದರೂ ಇಳಿಯುತ್ತದೆ, ನಾನು ತೂಕವನ್ನೇ ಹೆಚ್ಚು ನಂಬುತ್ತೇನೆ. ಬರೀ ರಾಗಿ ಗಂಜಿ ಕುಡಿಸುತ್ತಿದ್ದೀರಿ. ಹೊಟ್ಟೆ ತುಂಬುತ್ತದೆ, ಗಾಯ ಕೂಡಿಸುವ ಪ್ರೋಟೀನ್ ಅದರಲ್ಲಿ ಸಾಲದು. ಅವನ ತೂಕಕ್ಕೆ ದಿನಕ್ಕೆ ಕನಿಷ್ಠ 67 ಗ್ರಾಂ, ಸಾಧ್ಯವಾದರೆ 84 ಗ್ರಾಂವರೆಗೆ ಬೇಕು. ಮೂತ್ರಪಿಂಡದ ರಿಪೋರ್ಟ್ ಸರಿಯಿದೆಯೇ ಎಂದು ಮೊದಲು ಕೇಳಿಕೋ. ನಾಲ್ಕು ಮೊಟ್ಟೆ, ಮೂರು ಲೋಟ ಹಾಲು, 60 ಗ್ರಾಂ ಹೆಸರುಬೇಳೆ ನುಣ್ಣಗೆ ಬೇಯಿಸಿ ಅರೆದದ್ದು, 25 ಗ್ರಾಂ ಕೆನೆರಹಿತ ಹಾಲಿನಪುಡಿ ಸೇರಿದರೆ 67ರ ಹತ್ತಿರ ಬರುತ್ತದೆ. ಬೆಲ್ಲ, ಸಕ್ಕರೆ ಬೇಡ. ಬಾಯಿ ಒಂದು ಬೆರಳಷ್ಟೇ ತೆರೆಯುವವನಿಗೆ ಇಷ್ಟು ಇಳಿಯದಿದ್ದರೆ, ಡಾಕ್ಟರು ಹೇಳಿದ ಮೂಗಿನ ನಳಿಕೆಯನ್ನು ಆಪರೇಷನ್ನಿಗೆ ಮೊದಲೇ ಹಾಕಿಸಿ. ಅವನು ಹಟ ಮಾಡುತ್ತಾನೆ, ಗೊತ್ತು. ಏನೂ ಇಳಿಯದೆ ಹಲವು ದಿನ ಕಳೆದಿದ್ದರೆ ಒಮ್ಮೆಗೇ ಪೂರ್ತಿ ಕೊಡಬೇಡಿ, ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೆ ತೊಂದರೆಯಾಗುತ್ತದೆ. ಥಯಾಮಿನ್ ಎಂಬ ಬಿ1 ವಿಟಮಿನ್ ಜೊತೆ ನಿಧಾನವಾಗಿ ಏರಿಸಲಿ.

ಸಕ್ಕರೆಯದು ಚುಟುಕಾಗಿ. ಎಚ್‌ಬಿಎ1ಸಿ ಮೂರು ತಿಂಗಳ ಸರಾಸರಿ, ಎರಡು ವಾರದಲ್ಲಿ ಅದನ್ನು ಇಳಿಸಲಾಗದು, ಅದಕ್ಕೆ ಅಳಬೇಡ. ದಿನದ ಸಕ್ಕರೆ ಹತೋಟಿಗೆ ಬಂದರೆ ಸಾಕು, ಆಸ್ಪತ್ರೆಯಲ್ಲಿ 140ರಿಂದ 180ರೊಳಗೆ ಇಡುತ್ತಾರೆ. ಅವನ ಮಾತ್ರೆಯ ಪಟ್ಟಿಯಲ್ಲಿ ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಇದೆಯೇ ನೋಡು. ಇದ್ದರೆ ಆಪರೇಷನ್ನಿಗೆ ಮೂರು ದಿನ ಮುಂಚೆ ನಿಲ್ಲಿಸುತ್ತಾರೆ. ಇಲ್ಲದಿದ್ದರೆ ಸಕ್ಕರೆ ಸರಿಯಿದ್ದಂತೆ ಕಂಡರೂ ರಕ್ತ ಆಮ್ಲವಾಗಬಹುದು. ನೀನಾಗಿ ನಿಲ್ಲಿಸಬೇಡ, ಅನಸ್ತೀಷಿಯಾದವರಿಗೆ ತೋರಿಸು.

ಕಡ್ಡಿಪುಡಿ ಪೂರ್ತಿ ಬಿಟ್ಟಿಲ್ಲ ಎಂದು ನಿನ್ನ ಅಮ್ಮ ಫೋನಿನಲ್ಲಿ ಪಿಸುಗುಟ್ಟಿದಳು. ಹೊಗೆ ಇಲ್ಲದಿದ್ದರೂ ನಿಕೋಟಿನ್ ನಿಕೋಟಿನ್ನೇ, ನಾಳ ಸಂಕುಚಿತವಾಗುತ್ತದೆ. ನಾಲ್ಕು ವಾರ ಮುಂಚೆ ಬಿಟ್ಟರೆ ಒಳ್ಳೆಯದು, ಅಷ್ಟು ದಿನ ಕ್ಯಾನ್ಸರ್ ಕಾಯುವುದಿಲ್ಲ. ಇವತ್ತೇ ಬಿಡಲಿ. ಆಪರೇಷನ್ ಹತ್ತಿರ ಇರುವಾಗ ಬಿಟ್ಟರೆ ಎದೆಗೆ ಕೆಡುಕು ಎಂಬ ಮಾತಿಗೆ ಆಧಾರವಿಲ್ಲ. ಉಸಿರು ಎಳೆಯುವ ಮೂರು ಚೆಂಡಿನ ಉಪಕರಣ ಈಗಲೇ ತಂದುಕೊಡು, ಎಚ್ಚರವಿರುವಾಗ ಗಂಟೆಗೆ ಹತ್ತು ಸಲ ಅಭ್ಯಾಸ ಮಾಡಲಿ. ಕೊಳೆತ ಹಲ್ಲು ಏನು ಮಾಡುತ್ತೀರಿ ಎಂದು ಸರ್ಜನ್ನರನ್ನು ಕೇಳು, ಮುಂದೆ ರೇಡಿಯೇಷನ್ ಇದೆಯಲ್ಲ.

ಆ ರೇಡಿಯೇಷನ್ ಆಪರೇಷನ್ನಿನಿಂದ ಆರು ವಾರದೊಳಗೆ ಶುರುವಾಗಬೇಕು. ಸಣ್ಣ ಸೋಂಕೂ ನನಗೆ ಸಣ್ಣದಾಗಿ ಕಾಣದಿರುವುದು ಇದಕ್ಕೇ. ಕುತ್ತಿಗೆಯಲ್ಲಿ ಜೊಲ್ಲು ಸೋರುತ್ತಿದ್ದರೆ ಅದು ಮುಚ್ಚುವವರೆಗೆ ರೇಡಿಯೇಷನ್ ಮುಂದಕ್ಕೆ ಹೋಗುತ್ತದೆ, ಕ್ಯಾನ್ಸರ್ ಮರಳಲು ಅವಕಾಶವಾಗುತ್ತದೆ. ಫ್ಲಾಪ್ ಸತ್ತರೆ ಎಂಬ ಪ್ರಶ್ನೆಯ ಹಿಂದೆ ನೀನು ಕೇಳಿದ್ದು ಅಪ್ಪ ಉಳಿಯುತ್ತಾನೆಯೇ ಎಂದಲ್ಲವೇ? ಹಾಗಾದರೆ ಈ ಆರು ವಾರದ ಲೆಕ್ಕವನ್ನೂ ಮನಸ್ಸಿನಲ್ಲಿಡು.

ಇನ್ನೊಂದು ಮಾತು, ಬರೆಯಲೋ ಬೇಡವೋ ಎಂದು ಕೊನೆಗೆ ಬಿಟ್ಟಿದ್ದೆ. ಸಂಜೆಯ ಕುಡಿತ. ಅದು ಮನೆಯ ಮರ್ಯಾದೆಯ ವಿಷಯ ಎಂದು ಆಸ್ಪತ್ರೆಯ ಫಾರಂನಲ್ಲಿ ಇಲ್ಲ ಎಂದು ಬರೆಸುವವರೇ ಹೆಚ್ಚು. ದಿನವೂ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಮೊದಲ ದಿನವೇ ಕೈ ನಡುಕ ಶುರುವಾಗಬಹುದು. ಎರಡರಿಂದ ನಾಲ್ಕನೇ ದಿನದಲ್ಲಿ ಭ್ರಮೆ, ಕೂಗಾಟ, ನಳಿಕೆ ಕೀಳುವುದು, ತಲೆ ಒದರುವುದು. ಫ್ಲಾಪಿಗೆ ಅತಿ ಅಪಾಯದ ದಿನಗಳೂ ಅವೇ. ಮೊದಲೇ ಗೊತ್ತಿದ್ದರೆ ಥಯಾಮಿನ್ ಕೊಟ್ಟು, ಔಷಧಿಯಿಂದ ಇದನ್ನು ಬಹುಮಟ್ಟಿಗೆ ತಡೆಯುತ್ತಾರೆ. ಮನೆಯಲ್ಲಿ ನೀವೇ ಬಾಟಲಿ ಅಡಗಿಸಿ ಒಂದೇ ದಿನಕ್ಕೆ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ. ಅನಸ್ತೀಷಿಯಾ ತಪಾಸಣೆಗೆ ಹೋದಾಗ ಏನು, ಎಷ್ಟು, ಕೊನೆಯ ಸಲ ಯಾವಾಗ ಎಂದು ನಿಜ ಹೇಳು. ಅಪ್ಪನ ಎದುರು ಆಗದಿದ್ದರೆ ಅವನನ್ನು ಹೊರಗೆ ಕೂರಿಸಿ ಬಂದು ಹೇಳು. ಅವನು ಕೇಳಿದರೆ ಅತ್ತೆ ಹೇಳಿಸಿದಳು ಎನ್ನು.

ಇತಿ,
ನಿನ್ನ ಅತ್ತೆ