ಕೆಂಪು ಕೆಸರಿನ ಗುಡ್ಡೆಗೆ ಹಸಿರು ಹೊದಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ಬಾಕ್ಸೈಟ್ ಅದಿರಿನಿಂದ ಅಲ್ಯುಮಿನಾ (ಅಲ್ಯುಮಿನಿಯಂ ಲೋಹದ ಮೂಲವಸ್ತು) ತೆಗೆದ ಮೇಲೆ ಉಳಿಯುವ ಕೆಂಪು ಕೆಸರಿನ, ಅಂದರೆ ರೆಡ್ ಮಡ್‌ನ, ಗುಡ್ಡೆಗಳ ಮೇಲೆ ಹುಲ್ಲು ಹಬ್ಬಿಸಿ ಸಸಿ ನೆಟ್ಟರೆ ಪುನಶ್ಚೇತನ ಮುಗಿಯಿತು ಎಂಬ ಭಾವನೆಯ ಬಗ್ಗೆ ಈ ಪತ್ರ. ಒಂದು ಟನ್ ಅಲ್ಯುಮಿನಾ ತಯಾರಾದರೆ ಹೆಚ್ಚುಕಡಿಮೆ 1ರಿಂದ 1.5 ಟನ್ ಕೆಸರು ಉಳಿಯುತ್ತದೆ. ನಮ್ಮ ಬೆಳಗಾವಿಯಲ್ಲೂ ದಶಕಗಳಿಂದ ಅಲ್ಯುಮಿನಾ ತಯಾರಾಗುತ್ತಿರುವುದರಿಂದ ಇದು ಒಡಿಶಾ, ಜಾರ್ಖಂಡ್‌ನವರಿಗಷ್ಟೇ ಸಂಬಂಧಿಸಿದ ವಿಷಯವಲ್ಲ.

ಕೃಷ್ಣಾ ತೀರದ ನೀರಾವರಿ ಹಳ್ಳಿಗಳಲ್ಲಿ ಕೃಷಿ ಇಲಾಖೆಯ ಕೆಲಸ ಮಾಡಿದ ನನಗೆ ಸವಳು ಭೂಮಿಯ ಪರಿಚಯ ಚೆನ್ನಾಗಿಯೇ ಇದೆ. ಕಬ್ಬು ಕಟಾವಾದ ಹೊಲದಲ್ಲಿ ಬೇಸಿಗೆ ಹೊತ್ತಿಗೆ ಸುಣ್ಣ ಚೆಲ್ಲಿದಂತೆ ಬಿಳಿ ಪುಡಿ ಮೇಲೇಳುತ್ತದೆ. ಒದ್ದೆ ಮಣ್ಣನ್ನು ಬೆರಳಲ್ಲಿ ತಿಕ್ಕಿದರೆ ಸಾಬೂನಿನಂತೆ ಜಾರುತ್ತದೆ. ಅಂಥ ಮಣ್ಣಿನ ರಸಸಾರ (ಆಮ್ಲ-ಕ್ಷಾರದ ಅಳತೆ, pH) 8.5 ದಾಟಿದರೇ ರೈತ ಕಂಗಾಲಾಗುತ್ತಾನೆ. ಕೆಂಪು ಕೆಸರಿನದು ಸಾಮಾನ್ಯವಾಗಿ 10ರಿಂದ 13. ರಸಸಾರದ ಒಂದೊಂದು ಅಂಕಿಗೂ ಕ್ಷಾರ ಹತ್ತು ಪಟ್ಟು ಏರುತ್ತದೆ ಎಂಬುದನ್ನು ನೆನೆದರೆ ಅಂತರ ಅರ್ಥವಾದೀತು.

ಅದಿರಿನಿಂದ ಅಲ್ಯುಮಿನಾ ಕರಗಿಸಿ ತೆಗೆಯಲು ಬಳಸಿ ಕೆಸರಿನಲ್ಲಿ ಉಳಿದ ಕಾಸ್ಟಿಕ್ ಸೋಡಾವನ್ನು ನೀರಿನಿಂದ ತೊಳೆದರೆ ರಸಸಾರ ಇಳಿಯುವುದೇನೋ ನಿಜ, ಆದರೆ ಕೆಲವೇ ದಿನಗಳಲ್ಲಿ ಮತ್ತೆ ಏರುತ್ತದೆ. ಏಕೆಂದರೆ ಸೋಡಿಯಂ, ಅಲ್ಯುಮಿನಿಯಂ ಹಾಗೂ ಸಿಲಿಕಾ ಸೇರಿ ಆದ ಗಟ್ಟಿ ಕಣಗಳು ಅದರಲ್ಲಿದ್ದು, ಅವು ವರ್ಷಗಟ್ಟಲೆ ನಿಧಾನವಾಗಿ ಕರಗುತ್ತ ಕ್ಷಾರವನ್ನು ಬಿಡುತ್ತಲೇ ಇರುತ್ತವೆ. ಜಿಪ್ಸಂ ಬೆರೆಸಿದರೆ ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಹೊರದೂಡುತ್ತದೆ, ಕೊಟ್ಟಿಗೆ ಗೊಬ್ಬರವೋ ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಪ್ರೆಸ್‌ಮಡ್ಡೋ ಸೇರಿದರೆ ಬೇರಿಗೆ ಹಿಡಿತ ಸಿಗುತ್ತದೆ. ಆದರೆ ಜಿಪ್ಸಂ ಎಷ್ಟು ಆಳಕ್ಕೆ ಬೆರೆತಿದೆಯೋ ಅಷ್ಟಕ್ಕೇ ಅದರ ಗುಣ. ಅದರ ಕೆಳಗಿನ ಹತ್ತಾರು ಅಡಿ ಕೆಸರು ಹಾಗೆಯೇ ಇರುತ್ತದೆ. ಹೊರಬಿದ್ದ ಸೋಡಿಯಂ ನೀರಿನೊಂದಿಗೆ ಬಸಿದು ಹೋಗಬೇಕಾದ್ದರಿಂದ, ಬಸಿಗಾಲುವೆ ಇಲ್ಲದ ಹೊಲಕ್ಕೆ ಜಿಪ್ಸಂ ಹಾಕುವುದು ದಂಡ ಎಂದು ನಮ್ಮ ಕಡೆಯ ಯಾವ ರೈತನಾದರೂ ಹೇಳುತ್ತಾನೆ. ಗುಡ್ಡೆಗೂ ಅದೇ ಮಾತು ಅನ್ವಯ. ಜೊತೆಗೆ, ಬಸಿದ ನೀರು ಯಾವ ಹಳ್ಳ ಸೇರುತ್ತದೆ ಎಂಬ ಪ್ರಶ್ನೆಯೂ ಇದೆ.

2010ರ ಅಕ್ಟೋಬರ್ 4ರಂದು ಹಂಗೇರಿಯ ಆಯ್ಕಾದಲ್ಲಿ ಕೆಸರಿನ ಕಟ್ಟೆ ಒಡೆದು ಕೊಲೊಂತಾರ್, ದೆವೆಚೆರ್ ಊರುಗಳಿಗೆ ನುಗ್ಗಿದಾಗ 10 ಮಂದಿ ಸತ್ತರು, ಕೆಸರಲ್ಲಿ ಸಿಕ್ಕವರ ಚರ್ಮ ಸುಟ್ಟಿತು, ಮಾರ್ಸಲ್ ನದಿಯ ಮೀನುಗಳೆಲ್ಲ ಅಳಿದವು. 2019ರ ಏಪ್ರಿಲ್‌ನಲ್ಲಿ ಜಾರ್ಖಂಡ್‌ನ ಮುರಿಯಲ್ಲೂ ಗುಡ್ಡೆ ಕುಸಿಯಿತು. ಕಟ್ಟೆ ಒಡೆದರೆ ಸುದ್ದಿಯಾಗುತ್ತದೆ. ತಳದಲ್ಲಿ ಸದ್ದಿಲ್ಲದೆ ಜಿನುಗುವುದು ಬಾವಿಯ ನೀರು ಬಾಯಿಗೆ ಒಗರಾಗುವವರೆಗೆ ಯಾರಿಗೂ ತಿಳಿಯುವುದಿಲ್ಲ.

ಹೀಗಿದ್ದೂ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಕೆಂಪು ಕೆಸರನ್ನು ‘ಪರಿಮಾಣ ಹೆಚ್ಚು, ಪರಿಣಾಮ ಕಡಿಮೆ’ ಎಂಬ ಗುಂಪಿಗೆ ಸೇರಿಸಿ ಅಪಾಯಕಾರಿ ಪಟ್ಟಿಯಿಂದ ಹೊರಗಿಟ್ಟಿವೆ. ಗಣಿ ಗುತ್ತಿಗೆ ಪಡೆದವರು ಮುಚ್ಚುಗಡೆ ಯೋಜನೆ ಸಲ್ಲಿಸಿ ಹಣದ ಖಾತರಿಯನ್ನೂ ಕೊಡಬೇಕು. ಗುತ್ತಿಗೆ ಪ್ರದೇಶದ ಆಚೆ ಇರುವ ಅಲ್ಯುಮಿನಾ ಕಾರ್ಖಾನೆಯ ಗುಡ್ಡೆ ಆ ನಿಯಮದ ಕೈಗೆ ಸಿಗುವುದಿಲ್ಲ. ಕೆಸರನ್ನು ಸಿಮೆಂಟ್ ಕಾರ್ಖಾನೆಗಳಿಗೆ ಸಾಗಿಸುತ್ತಿರುವುದು ಒಳ್ಳೆಯದೇ, ಆದರೆ ಹಳೆಯ ರಾಶಿ ಅಷ್ಟರಿಂದ ಕರಗುವುದಿಲ್ಲ.

ಆದ್ದರಿಂದ ಗುಡ್ಡೆಗೆ ಕೊನೆಯ ಲೋಡು ಬಿದ್ದ ಮೇಲೂ ಕನಿಷ್ಠ 30 ವರ್ಷದ ನಿರ್ವಹಣೆಗೆ ಬೇಕಾದ ಹಣವನ್ನು ಕಾರ್ಖಾನೆ ನಡೆಯುತ್ತಿರುವಾಗಲೇ ಠೇವಣಿ ಇಡಿಸಬೇಕು. ಬಸಿ ನೀರಿನ ಮತ್ತು ಸುತ್ತಲಿನ ಬಾವಿಗಳ ರಸಸಾರ, ಸೋಡಿಯಂ ಪ್ರಮಾಣವನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ನಂತರ ಒಮ್ಮೆ ಅಳೆದು, ಗ್ರಾಮ ಪಂಚಾಯಿತಿಯ ಫಲಕದ ಮೇಲೆ ಕನ್ನಡದಲ್ಲಿ ಬರೆಸಬೇಕು.

– ನಿವೃತ್ತ ಕೃಷಿ ಸಹಾಯಕ, ರಾಯಬಾಗ