ಉಗಾಂಡಾದಿಂದ ಯುವಜನ ಸಂಘದ ಬಳಗಕ್ಕೆ

ಅಕ್ಕ-ಅಣ್ಣಂದಿರೇ, ಯೇಸುವಿನ ನಾಮದಲ್ಲಿ ವಂದನೆಗಳು. ಭಾನುವಾರದ ಕರೆ ಇನ್ನು ಮುಂದೆ ಊರಿನ ಸಮಯ ರಾತ್ರಿ 8.30ಕ್ಕೆ, ಆಗ ಇಲ್ಲಿ ಸಂಜೆ 6. ಮಕ್ಕಳ ಫೋಟೊ ದಯವಿಟ್ಟು ಕೇಳಬೇಡಿ, ಹೆತ್ತವರ ಒಪ್ಪಿಗೆಯಿಲ್ಲದೆ ಕಳುಹಿಸುವುದು ಸರಿಯಲ್ಲ.

ಪಾಠ ಹೇಳಲು ಬಂದವಳ ಕೈಗೆ ಅಡುಗೆಮನೆಯ ಅಮ್ಮಂದಿರು ಮೊದಲು ಕೊಟ್ಟದ್ದು ಹಳದಿ ಜೆರಿಕ್ಯಾನ್. 20 ಲೀಟರ್ ನೀರು, ಏರುಹಾದಿ. ಸೇವೆ ಹೀಗೆ ಆರಂಭವಾದದ್ದೇ ಒಳ್ಳೆಯದಾಯಿತು. ಜೊತೆಗೆ ನೀರು ಹೊತ್ತ ಮೇಲೆಯೇ ಮಕ್ಕಳು ಹತ್ತಿರ ಬಂದರು. ಊಟಕ್ಕೆ ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿದ ಮಟೋಕೆ ಬಾಳೆಕಾಯಿ, ಕಡಲೆಕಾಯಿ ಸಾರು. ಆ ಎಲೆಯ ಪರಿಮಳ ನಮ್ಮ ಕರಾವಳಿಯದೇ.

ನಮುಗೊಂಗೊಗೂ ಹೋಗಿದ್ದೆ. 1886ರ ಜೂನ್ 3ರಂದು ರಾಜ ಮ್ವಾಂಗನ ಆಜ್ಞೆಯಂತೆ ವಿಶ್ವಾಸಿಗಳನ್ನು ಜೀವಂತ ಸುಟ್ಟ ಸ್ಥಳವದು. ಹಲವರು ಅರಮನೆಯ ಊಳಿಗದ ಹುಡುಗರು, ನಮಗಿಂತ ಚಿಕ್ಕವರು. ಮೊಣಕಾಲೂರಿದವಳಿಗೆ ಬಹಳ ಹೊತ್ತು ಏಳಲಾಗಲಿಲ್ಲ.

ಈ ವಾರ ಅಡುಗೆಮನೆಯ ಅಮ್ಮಂದಿರ ಆರೋಗ್ಯಕ್ಕಾಗಿ ಪ್ರಾರ್ಥಿಸಿ, ಮಲೇರಿಯಾ ಕಾಡುತ್ತಿದೆ.